ಈಮ್ಯಾಕ್ಸ್: ಹಿನ್ನೆಲೆ ಪ್ರೊಸೆಸ್‌ನ ಉತ್ತರ ಸಾಲಿಗೊಂದರಂತೆ ಬರಲಿ

ಈಮ್ಯಾಕ್ಸ್ ಎಡಿಟರ್‌ನ ಭಾರದ ಕೆಲಸವನ್ನು ಇನ್ನೊಂದು ಬ್ಯಾಚ್ (ಪರದೆಯಿಲ್ಲದೆ ಹಿನ್ನೆಲೆಯಲ್ಲಿ ಓಡುವ) ಈಮ್ಯಾಕ್ಸ್‌ಗೆ ಒಪ್ಪಿಸುವವರು ಉತ್ತರವನ್ನು ಸಾಲಿಗೊಂದು ಸಂದೇಶದಂತೆ ತರಿಸಿಕೊಳ್ಳಿ. ಬ್ಯಾಚ್ ಕಡೆ, ಸ್ಟ್ರಿಂಗ್ ಒಳಗಿನ ನ್ಯೂಲೈನ್ (ಸಾಲು ಮುರಿಯುವ ಅಕ್ಷರ) ಸಂದೇಶವನ್ನು ಒಡೆಯದಂತೆ ‘ಪ್ರಿಂಟ್-ಎಸ್ಕೇಪ್-ನ್ಯೂಲೈನ್ಸ್’ಗೆ ‘ಟಿ’ (ಹೌದು) ಕೊಟ್ಟು, ‘ಪ್ರಿನ್1’ನಲ್ಲಿ ಬರೆದು, ‘ಟೆರ್‌ಪ್ರಿ’ಯಿಂದ ಸಾಲು ಮುಗಿಸಿ. ಈ ಕಡೆ ಫಿಲ್ಟರ್ ಫಂಕ್ಷನ್‌ನಲ್ಲಿ (ಪ್ರೊಸೆಸ್‌ನಿಂದ ಔಟ್‌ಪುಟ್ ಬಂದಾಗಲೆಲ್ಲ ಓಡುವ ಫಂಕ್ಷನ್) ಬಂದ ತುಣುಕುಗಳನ್ನು ‘ಪ್ರೊಸೆಸ್-ಪುಟ್’ ಬಳಸಿ ಕೂಡಿಡುತ್ತಾ ಹೋಗಿ. ನ್ಯೂಲೈನ್‌ವರೆಗೆ ಪೂರ್ತಿ ಬಂದ ಸಾಲುಗಳನ್ನು ಮಾತ್ರ ‘ರೀಡ್’ಗೆ (ಪಠ್ಯವನ್ನು ಮತ್ತೆ ಲಿಸ್ಪ್ ಡೇಟಾ ಮಾಡುವ ಫಂಕ್ಷನ್) ಕೊಟ್ಟು, ಉಳಿದ ಬಾಲವನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ. ಎರಡು ಪ್ರೊಸೆಸ್‌ಗಳನ್ನು ಜೋಡಿಸುವ ಪೈಪ್‌ಗೆ ಬೈಟ್ ಗೊತ್ತು, ಸಂದೇಶ ಎಲ್ಲಿ ಮುಗಿಯಿತು ಎಂಬುದು ಗೊತ್ತಿಲ್ಲ. ಒಮ್ಮೆಗೆ ಎಷ್ಟು ಓದಬೇಕೆಂಬುದನ್ನು ‘ರೀಡ್-ಪ್ರೊಸೆಸ್-ಔಟ್‌ಪುಟ್-ಮ್ಯಾಕ್ಸ್’ ಹೇಳುತ್ತದೆ. 27ನೇ ಆವೃತ್ತಿಯಲ್ಲಿ ಅದು ಬಂದಾಗ ಡೀಫಾಲ್ಟ್ 4096 ಬೈಟ್. ಅದಕ್ಕೇ ಬಂದ ತುಣುಕನ್ನು ಹಾಗೆಯೇ ‘ರೀಡ್’ಗೆ ಕೊಡುವ, ಚಿಕ್ಕ ಪರೀಕ್ಷೆಯಲ್ಲಿ ಸರಿಯಾಗಿ ನಡೆದ ಕೋಡ್ ನಿಜವಾದ ಡೇಟಾ ಬಂದಾಗ ‘ಎಂಡ್-ಆಫ್-ಫೈಲ್’ ಎಂದು ಬಿದ್ದುಹೋಗುತ್ತದೆ. ಪ್ರೊಸೆಸ್ ಶುರು ಮಾಡುವ ‘ಮೇಕ್-ಪ್ರೊಸೆಸ್’ನಲ್ಲಿ ಕನೆಕ್ಷನ್ ಟೈಪ್ ‘ಪೈಪ್’ ಎಂದೇ ಬರೆಯಿರಿ; ಪಿಟಿವೈ (ಟರ್ಮಿನಲ್‌ನಂತೆ ನಟಿಸುವ ಕನೆಕ್ಷನ್) ಆದರೆ ನೀವು ಕಳಿಸುವ ಉದ್ದ ಸಾಲುಗಳಿಗೆ ಟರ್ಮಿನಲ್‌ನ ಮಿತಿ ಅಡ್ಡ ಬರುತ್ತದೆ. ‘ಎಸ್‌ಟಿಡಿ-ಎರರ್’ಗೂ (stderr, ದೋಷ ಸಂದೇಶಗಳ ಔಟ್‌ಪುಟ್) ಬೇರೆ ಬಫರ್ ಕೊಡಲೇಬೇಕು: ಬ್ಯಾಚ್‌ನಲ್ಲಿ ‘ಮೆಸೇಜ್’ ಬರೆದದ್ದೆಲ್ಲ ಅಲ್ಲಿಗೇ ಹೋಗುತ್ತದೆ, ಬೇರೆ ಮಾಡದಿದ್ದರೆ ಉತ್ತರದ ನಡುವೆ ಬೆರೆಯುತ್ತದೆ. ಕನ್ನಡ ಪಠ್ಯ ಇದ್ದರೆ ಎರಡೂ ಕಡೆ ಯುಟಿಎಫ್-8 ಎಂದು ಸ್ಪಷ್ಟವಾಗಿ ನಮೂದಿಸಿ. ಬಫರ್, ಮಾರ್ಕರ್, ವಿಂಡೋ ಇವನ್ನು ಹೀಗೆ ದಾಟಿಸಲಾಗದು, ‘ರೀಡ್’ ಒಪ್ಪುವುದಿಲ್ಲ. ಫೈಲ್ ಹೆಸರು, ಅಂಕಿ, ಸ್ಟ್ರಿಂಗ್ ಕಳಿಸಿ. ಉತ್ತರವೇ ಹತ್ತಾರು ಎಂಬಿ ಇದ್ದರೆ ಅದನ್ನು ‘ರೀಡ್’ ಮಾಡುವಾಗ ಎಡಿಟರ್ ಮತ್ತೆ ನಿಲ್ಲುತ್ತದೆ. ಆಗ ಸೋಸುವ ಕೆಲಸವನ್ನೂ ಆ ಕಡೆಯೇ ಮುಗಿಸಿ, ಬೇಕಾದಷ್ಟನ್ನೇ ತರಿಸಿ.