ಗಿಟಾರ್ ಆಟಕ್ಕೊಂದು ಕಂಪ್ಯೂಟರ್: ಹಣ ಹಾಕಬೇಕಾದದ್ದು ಕಿವಿಗೆ, ಕಣ್ಣಿಗಲ್ಲ

ಪರದೆಯ ಮೇಲೆ ಬಣ್ಣಬಣ್ಣದ ಗುರುತುಗಳು ಸಾಲಾಗಿ ಬರುತ್ತವೆ. ಅವು ಗೆರೆ ಮುಟ್ಟುವ ಹೊತ್ತಿಗೆ ಕೈಯಲ್ಲಿರುವ ನಿಜವಾದ ಗಿಟಾರಿನ ತಂತಿಯನ್ನು ಮೀಟಬೇಕು. 2011ರಲ್ಲಿ ಯೂಬಿಸಾಫ್ಟ್ ಹೊರತಂದ ರಾಕ್‌ಸ್ಮಿತ್, ಫಿನ್ಲೆಂಡಿನ ಯೂಸಿಷಿಯನ್ ಮುಂತಾದವು ಈ ಬಗೆಯವು. ಇಂಥದ್ದಕ್ಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ‘ಗೇಮಿಂಗ್ ಪಿಸಿ’ ಬೇಕೆಂದು ಕೇಳಿದರೆ ಮಾತು ಗ್ರಾಫಿಕ್ಸ್ ಕಾರ್ಡಿನಿಂದಲೇ ಶುರುವಾಗುತ್ತದೆ. ಈ ಆಟಗಳಿಗೆ ಮಾತ್ರ ಅದು ಕೊನೆಗೆ ಯೋಚಿಸಬೇಕಾದ ವಸ್ತು.

ಮೊದಲು ತಿಳಿದಿರಬೇಕಾದದ್ದು ಲೇಟೆನ್ಸಿ, ಅಂದರೆ ತಂತಿ ಮೀಟಿದ ಕ್ಷಣಕ್ಕೂ ಅದರ ಸ್ವರ ಕಂಪ್ಯೂಟರಿನಿಂದ ಮರಳಿ ಕಿವಿಗೆ ಬೀಳುವ ಕ್ಷಣಕ್ಕೂ ನಡುವಿನ ಅಂತರ. ಗಾಳಿಯಲ್ಲಿ ಒಂದು ಮೀಟರ್ ಸಾಗಲು ಧ್ವನಿಗೆ ಸುಮಾರು 3 ಮಿಲಿಸೆಕೆಂಡ್ ಬೇಕು. ಹಾಗಾಗಿ 10 ಮಿಲಿಸೆಕೆಂಡ್ ವಿಳಂಬವೆಂದರೆ ಸ್ಪೀಕರಿನಿಂದ ಮೂರೂವರೆ ಮೀಟರ್ ದೂರ ಕುಳಿತು ನುಡಿಸಿದಂತೆ, ಅದು ಬಾಧಿಸದು. ಅದು ನೂರು ದಾಟಿತೆಂದರೆ ತಾಳವೇ ಕೈಗೆ ಸಿಗುವುದಿಲ್ಲ. ಬ್ಲೂಟೂತ್ ಹೆಡ್‌ಫೋನುಗಳಲ್ಲಿ ಸಾಮಾನ್ಯವಾಗಿ ಆಗುವುದು ಇದೇ. ನನ್ನ ಬಲಗೈಯೇ ನಿಧಾನವೆಂದು ಒಂದು ತಿಂಗಳು ಬೈದುಕೊಂಡ ಮೇಲೆ, ತಂತಿಯುಳ್ಳ ಹಳೆಯ ಹೆಡ್‌ಫೋನ್ ಸಿಕ್ಕಿಸಿದ ದಿನ ನನಗೆ ನಿಜ ತಿಳಿಯಿತು.

ಆದ್ದರಿಂದ ಖರ್ಚಿನ ಪಟ್ಟಿಯನ್ನು ಗಿಟಾರ್ ಕಂಪ್ಯೂಟರಿಗೆ ಸೇರುವ ಜಾಗದಿಂದ ಬರೆಯಲು ತೊಡಗುವುದು ಲೇಸು. ಗಿಟಾರನ್ನು ನೇರವಾಗಿ ಮದರ್‌ಬೋರ್ಡಿನ ಮೈಕ್ ಜಾಕಿಗೆ ಚುಚ್ಚಬಾರದು. ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಗಿಟಾರಿನ ಭಾಗ, ಸುಮಾರು ಒಂದು ಮೆಗಾಓಮ್ ಪ್ರತಿರೋಧದ ಇನ್‌ಪುಟ್ ಬಯಸುತ್ತದೆ, ಮೈಕ್ ಜಾಕಿನದು ಅದಕ್ಕಿಂತ ತೀರಾ ಕಡಿಮೆಯಾದ್ದರಿಂದ ಸ್ವರ ಮಂಕಾಗಿ, ಆಟಕ್ಕೆ ಅದರ ಗುರುತು ಹತ್ತುವುದು ಕಷ್ಟವಾಗುತ್ತದೆ. ಬೆಹ್ರಿಂಗರ್ ಯುಎಂ2ರಂಥ ಅಗ್ಗದ ಆಡಿಯೊ ಇಂಟರ್‌ಫೇಸಿನಲ್ಲಿಯೂ (ಗಿಟಾರಿನ ಸ್ವರವನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಮುಟ್ಟಿಸುವ ಪುಟ್ಟ ಪೆಟ್ಟಿಗೆ) ಗಿಟಾರಿಗೆಂದೇ ಪ್ರತ್ಯೇಕ ಇನ್‌ಪುಟ್ ಇರುತ್ತದೆ, ಕಲಿಯುವವರಿಗೆ ಅಷ್ಟು ಸಾಕು. ಆದರೆ ಯಾವ ಆಟ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಇದನ್ನೂ ಕೊಳ್ಳಬೇಡಿ. ಹಳೆಯ ರಾಕ್‌ಸ್ಮಿತ್ 2014 ಗಿಟಾರಿಗೆ ಬಯಸುವುದು ತನ್ನದೇ ಆದ ರಿಯಲ್ ಟೋನ್ ಯುಎಸ್‌ಬಿ ಕೇಬಲನ್ನು; 2022ರ ರಾಕ್‌ಸ್ಮಿತ್ ಪ್ಲಸ್ ಇಂಟರ್‌ಫೇಸನ್ನೂ ಒಪ್ಪುತ್ತದೆ. ನೋಡಲು ಅದೇ ಕೇಬಲಿನಂತಿರುವ ಅಗ್ಗದ ಮಾಲನ್ನು ಹಳೆಯ ಆಟಕ್ಕೆಂದು ತಂದರೆ ಹಣ ನೀರುಪಾಲಾಗುವ ಸಂಭವವೇ ಹೆಚ್ಚು.

ಇನ್ನು ಪೆಟ್ಟಿಗೆಯ ಒಳಗಿನದು. ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್, ಉದಾಹರಣೆಗೆ ಆರು ಕೋರುಗಳ ರೈಜನ್ 5 5600ಜಿ, ಈ ಕೆಲಸಕ್ಕೆ ಧಾರಾಳವಾಯಿತು. ಒಳಗಿನ ಗ್ರಾಫಿಕ್ಸ್ ರ‍್ಯಾಮನ್ನೇ ಹಂಚಿಕೊಳ್ಳುವುದರಿಂದ 16 ಜಿಬಿಯ ಒಂದೇ ಪಟ್ಟಿಯ ಬದಲು 8 ಜಿಬಿಯ ಎರಡು ಹಾಕಿಸಿಕೊಳ್ಳಿ, ಎರಡೂ ಜೊತೆಯಾಗಿ ಹೆಚ್ಚು ವೇಗ ಕೊಡುತ್ತವೆ. ಎಸ್‌ಎಸ್‌ಡಿ ಇರಲಿ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಳ್ಳುವವರು ಪ್ರೊಸೆಸರಿನ ತಲೆಮಾರನ್ನು ನೋಡಿಕೊಳ್ಳಬೇಕು: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಇಂಟೆಲ್‌ನಲ್ಲಿ ಎಂಟನೆಯ ತಲೆಮಾರಿಗಿಂತ ಹಳೆಯವುಗಳಲ್ಲಿ ಬಹುತೇಕ ಯಾವುದಕ್ಕೂ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿ ಕೇಳುವಾಗ ಬೇಕಾಗುತ್ತದೆ.

ಮನೆಗೆ ತಂದು ಜೋಡಿಸುವಾಗ ಇಂಟರ್‌ಫೇಸನ್ನು ಯುಎಸ್‌ಬಿ ಹಬ್‌ಗೆ (ಒಂದು ಕಿಂಡಿಯನ್ನು ಹಲವಾಗಿಸುವ ಸಾಧನ) ಹಾಕದೆ ಕಂಪ್ಯೂಟರಿನ ಹಿಂಬದಿಯ ಯುಎಸ್‌ಬಿಗೆ, ಹೆಡ್‌ಫೋನನ್ನು ಇಂಟರ್‌ಫೇಸಿಗೆ ಸಿಕ್ಕಿಸಿ. ಅದರ ಮೇಲೆ ‘ಡೈರೆಕ್ಟ್ ಮಾನಿಟರ್’ ಗುಂಡಿಯಿದ್ದರೆ ಆಡುವಾಗ ಅದನ್ನು ಆರಿಸಿಡಬೇಕು, ಇಲ್ಲವಾದರೆ ಕಚ್ಚಾ ಸ್ವರವೂ ಆಟ ಹದಗೊಳಿಸಿದ ಸ್ವರವೂ ಒಂದರ ಹಿಂದೊಂದು ಕೇಳುತ್ತವೆ. ಟಿವಿಯನ್ನೇ ಪರದೆಯಾಗಿ ಬಳಸುವವರು ಅದರ ‘ಗೇಮ್ ಮೋಡ್’ ಹಾಕಿ, ಧ್ವನಿಯನ್ನು ಟಿವಿಯಿಂದ ತೆಗೆದುಕೊಳ್ಳದಿರುವುದು ಒಳ್ಳೆಯದು.

‘ಗುಂಯ್’ ಎಂಬ ಸದ್ದು ಬಂದರೆ ತಂತಿಯ ಮೇಲೆ ಬೆರಳಿಡಿ. ಸದ್ದು ತಗ್ಗಿದರೆ ಕೋಣೆಯ ಟ್ಯೂಬ್‌ಲೈಟ್, ಫ್ಯಾನ್ ರೆಗ್ಯುಲೇಟರ್‌ಗಳ ಕಡೆಗೂ ಮನೆಯ ಅರ್ಥಿಂಗ್ ಕಡೆಗೂ ಗಮನ ಹರಿಸಬೇಕು. ಲ್ಯಾಪ್‌ಟಾಪಾದರೆ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನುಡಿಸಿ ನೋಡಿ. ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಪದ್ಧತಿಯೊಂದಿದೆ. ಅದು ಜೀವಕ್ಕೆ ಅಪಾಯ, ಅದರ ಬದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಕೊನೆಯ ಹಂತ ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಂಡು ಮುಂದೆ ಕಳಿಸುವ ಧ್ವನಿಯ ಕಂತು. ಸೆಕೆಂಡಿಗೆ ಧ್ವನಿಯ 48,000 ಮಾದರಿಗಳ (ಸ್ಯಾಂಪಲ್) ಲೆಕ್ಕದಲ್ಲಿ 1024ರ ಬಫರ್ ಸುಮಾರು 21 ಮಿಲಿಸೆಕೆಂಡನ್ನೂ, 256ರದು 5 ಮಿಲಿಸೆಕೆಂಡಿಗಿಂತ ತುಸು ಹೆಚ್ಚನ್ನೂ ನುಂಗುತ್ತದೆ. ಆಟದ ಆಡಿಯೊ ಸೆಟ್ಟಿಂಗ್‌ನಲ್ಲಿ ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತ, ಪ್ರತಿ ಸಲವೂ ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಂಡು ದಪ್ಪ ತಂತಿಯನ್ನು ಮೀಟಿ. ಬರಿಗಿವಿಗೆ ಪಿಕ್ ತಾಗಿದ ‘ಟಿಕ್’ ಕೇಳುತ್ತದೆ, ಇನ್ನೊಂದಕ್ಕೆ ಸ್ವರ. ಎರಡೂ ಒಂದೇ ಎನಿಸುವವರೆಗೆ ಇಳಿಸಬಹುದು. ನಡುವೆ ಚಟಪಟ ಸದ್ದು ಕೇಳತೊಡಗಿದರೆ ಒಂದು ಮೆಟ್ಟಿಲು ಮೇಲೆ ಹತ್ತಿ ಅಲ್ಲಿಯೇ ಬಿಡಿ.