ಗೋಡೆಗೆ ಹಾಕುವ ಫೋಟೊ: ಪ್ರಿಂಟ್‌ಗೆ ಕೊಡುವ ಮುಂಚೆ ಪಿಕ್ಸೆಲ್ ಎಣಿಸಿ

ನಮ್ಮ ಅಜ್ಜಿ ನಗುತ್ತಿರುವ ಫೋಟೊ ಒಂದಿದೆ. ಮನೆಯವರ ಗ್ರೂಪ್‌ನಲ್ಲಿ ಯಾರೋ ಹಾಕಿದ್ದು. ಮೊಬೈಲ್‌ನಲ್ಲಿ ನೋಡಿದರೆ ಕಣ್ಣಂಚಿನ ಸುಕ್ಕುಗಳೂ ಎದ್ದು ಕಾಣುತ್ತಿದ್ದವು. ಅದನ್ನೇ ಇಳಿಸಿಕೊಂಡು 12×18 ಇಂಚಿಗೆ ಪ್ರಿಂಟ್ ಹಾಕಿಸಿದೆ. ಕೈಗೆ ಬಂದ ಪ್ರಿಂಟ್‌ನಲ್ಲಿ ಒಂದು ಸುಕ್ಕೂ ಇಲ್ಲ! ಕೆನ್ನೆಗೆ ಮೇಣ ಬಳಿದ ಹಾಗಿತ್ತು. ಶಾಲಿನ ನೇಯ್ಗೆ ಕಲಸಿಹೋಗಿತ್ತು. ಲ್ಯಾಬ್‌ನವರ ಮೇಲೆ ರೇಗಾಡಿಯೂ ಬಂದೆ. ತಪ್ಪು ನನ್ನದೇ ಅಂತ ಗೊತ್ತಾಗಿದ್ದು ಆಮೇಲೆ, ಕೂತು ಲೆಕ್ಕ ಹಾಕಿದಾಗ.

ಲೆಕ್ಕ ಕಷ್ಟದ್ದಲ್ಲ. ಒಂದೇ ಒಂದು ಭಾಗಾಕಾರ.

ಮೊದಲು ಭಾಗಾಕಾರ

ಡಿಜಿಟಲ್ ಫೋಟೊ ಅಂದರೆ ಸಾಲುಸಾಲಾಗಿ ಜೋಡಿಸಿದ ಬಣ್ಣದ ಪುಟ್ಟ ಚೌಕಗಳು. ಒಂದೊಂದು ಚೌಕವೂ ಒಂದು ಪಿಕ್ಸೆಲ್. ಫೈಲ್‌ಗೆ ತನ್ನದೇ ಅಂತ ಇಂಚಿನ ಅಳತೆ ಇರುವುದಿಲ್ಲ. ಕಾಗದದ ಮೇಲೆ ಹರಡಿದಾಗಲೇ ಅಳತೆ ಬರುವುದು. ಒಂದು ಇಂಚಿನೊಳಗೆ ಎಷ್ಟು ಪಿಕ್ಸೆಲ್ ಕೂರುತ್ತವೆ ಅನ್ನುವುದೇ ಪ್ರಿಂಟ್‌ನ ರೆಸಲ್ಯೂಷನ್. ಇದಕ್ಕೆ ಪಿಪಿಐ ಅನ್ನುತ್ತಾರೆ.

ಗ್ಯಾಲರಿಯಲ್ಲಿ ಫೋಟೊ ತೆರೆದು 'ಡೀಟೇಲ್ಸ್' ಅಥವಾ 'ಇನ್ಫೊ' ಒತ್ತಿ. ಎರಡು ಸಂಖ್ಯೆ ಸಿಗುತ್ತವೆ. ನನ್ನ ಫೈಲ್‌ನಲ್ಲಿ ಇದ್ದದ್ದು 1200×1600. ಉದ್ದದ 1600 ಪಿಕ್ಸೆಲ್‌ಗಳನ್ನು 18 ಇಂಚಿಗೆ ಹಂಚಿದರೆ ಇಂಚಿಗೆ ಬರುವುದು ಬರೀ 89. ಅಜ್ಜಿಯ ಸುಕ್ಕು ಎಲ್ಲಿ ಉಳಿಯಬೇಕು?

ಎಂಬಿ ನೋಡಿ ನಿರ್ಧರಿಸಬೇಡಿ. ಒಂದೇ ಪಿಕ್ಸೆಲ್ ಅಳತೆಯ ಎರಡು ಫೋಟೊಗಳಲ್ಲಿ ಒಂದು 2 ಎಂಬಿ, ಇನ್ನೊಂದು 6 ಎಂಬಿ ಇರಬಹುದು. ಅದು ಫೈಲ್ ಅನ್ನು ಎಷ್ಟು ಅದುಮಿದ್ದಾರೆ, ಚಿತ್ರದಲ್ಲಿ ಎಷ್ಟು ವಿವರ ಇದೆ ಅನ್ನುವುದರ ಮೇಲೆ ಹೋಗುತ್ತದೆ.

ಕೈಯಲ್ಲಿ ಹಿಡಿದು ನೋಡುವ ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಇದ್ದರೆ ಚೆನ್ನ. ಹಾಗೆ ಲೆಕ್ಕ ಹಾಕಿದರೆ:

4×6 ಇಂಚು – 1200×1800 ಪಿಕ್ಸೆಲ್
5×7 ಇಂಚು – 1500×2100
8×10 ಇಂಚು – 2400×3000
8×12 ಇಂಚು – 2400×3600
12×18 ಇಂಚು – 3600×5400

ಈ 300 ಎಲ್ಲಿಂದ ಬಂತು?

ನಮ್ಮ ಕಣ್ಣಿನಿಂದ. ಒಂದು ಅಡಿ ದೂರದಲ್ಲಿ ಹಿಡಿದು ನೋಡಿದರೆ, ಇಂಚಿಗೆ 290ರ ಆಸುಪಾಸು ಚುಕ್ಕೆಗಳಾಗುವಷ್ಟರಲ್ಲಿ ಅವು ಬಿಡಿಬಿಡಿಯಾಗಿ ಕಾಣುವುದು ನಿಲ್ಲುತ್ತದೆ. ದೂರ ಹೆಚ್ಚಿದಷ್ಟೂ ಬೇಕಾದ ಪಿಕ್ಸೆಲ್ ಕಮ್ಮಿ. ಮೂರು ಅಡಿ ದೂರ ನಿಂತರೆ ಇಂಚಿಗೆ 100 ಇದ್ದರೂ ಸಾಮಾನ್ಯ ಕಣ್ಣಿಗೆ ಸಾಕು. ರಸ್ತೆ ಬದಿಯ ದೊಡ್ಡ ಹೋರ್ಡಿಂಗ್ ಹತ್ತಿರ ಹೋಗಿ ನೋಡಿದರೆ ಚುಕ್ಕೆ ಚುಕ್ಕೆ ಕಾಣುತ್ತದೆ, ಅಲ್ವಾ? ಯಾರೂ ಅದನ್ನು ಒಂದು ಅಡಿ ದೂರದಿಂದ ನೋಡುವುದಿಲ್ಲ, ಅಷ್ಟೇ.

ಆದರೆ ಮನೆಯ ಗೋಡೆ ಬೇರೆ. ಆಪ್ತರ ಮುಖ ಇದ್ದರೆ ಜನ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಾರೆ. ಹಾಗಾಗಿ ಮುಖದ ಫೋಟೊ ಎಷ್ಟೇ ದೊಡ್ಡದಿರಲಿ, 200ಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ. ಬೆಟ್ಟ, ಕಡಲು, ಮೋಡದಂಥ ಚಿತ್ರಕ್ಕೆ 150 ಆದರೂ ನಡೆಯುತ್ತದೆ.

72 ಅಂತ ತೋರಿಸಿದರೆ ಗಾಬರಿ ಬೇಡ

ಕೆಲವು ಸಾಫ್ಟ್‌ವೇರ್‌ಗಳಲ್ಲಿ ಫೋಟೊ ತೆರೆದರೆ '72 ಡಿಪಿಐ' (ಇಂಚಿಗೆ 72 ಚುಕ್ಕೆ) ಅಂತ ಬರುತ್ತದೆ. ಅದು ಫೈಲ್‌ಗೆ ಅಂಟಿಸಿದ ಚೀಟಿ ಮಾತ್ರ. ಆ ಚೀಟಿಯಲ್ಲಿ 300 ಅಂತ ಬರೆದರೂ ಒಂದು ಪಿಕ್ಸೆಲ್ ಕೂಡ ಜಾಸ್ತಿ ಆಗುವುದಿಲ್ಲ. 4000×6000 ಪಿಕ್ಸೆಲ್‌ನ ಫೋಟೊ 72 ಅಂದರೂ ಅದೇ, 300 ಅಂದರೂ ಅದೇ. ಇನ್ನು ಪ್ರಿಂಟರ್ ಡಬ್ಬಿಯ ಮೇಲೆ ಬರೆದಿರುವ 1440, 2880 ಡಿಪಿಐ ಇಂಕಿನ ಹನಿಗಳ ಲೆಕ್ಕ. ಒಂದು ಪಿಕ್ಸೆಲ್‌ನ ಬಣ್ಣ ಮೂಡಿಸಲು ಎಷ್ಟೋ ಹನಿ ಬೇಕು. ಫೋಟೊ 2880 ಇರಬೇಕು ಅಂತ ಅರ್ಥವಲ್ಲ.

ಪಿಕ್ಸೆಲ್ ಸಾಲದಿದ್ದರೆ ಸಾಫ್ಟ್‌ವೇರ್‌ನಲ್ಲಿ ಹಿಗ್ಗಿಸಬಹುದಲ್ಲ ಅಂತ ಕೇಳುತ್ತಾರೆ. ಸ್ವಲ್ಪ ಮಟ್ಟಿಗೆ ಸರಿ. ಆದರೆ ಅಲ್ಲಿ ಹುಟ್ಟುವ ಪಿಕ್ಸೆಲ್‌ಗಳೆಲ್ಲ ಊಹೆ. ಎಐ ಬಳಸುವ ಸಾಫ್ಟ್‌ವೇರ್‌ಗಳು ಇನ್ನೂ ಧೈರ್ಯವಂತರು: ಇಲ್ಲದ ರೆಪ್ಪೆಕೂದಲನ್ನೂ ಬಿಡಿಸಿಬಿಡುತ್ತವೆ. ಎಲೆ, ಕಲ್ಲಿಗೆ ಪರವಾಗಿಲ್ಲ. ಗೊತ್ತಿರುವ ಮುಖಕ್ಕೆ ನನಗಂತೂ ಇಷ್ಟವಿಲ್ಲ.

ಮೂಲ ಫೈಲ್ ಹುಡುಕಿ

ನನ್ನ ತೊಂದರೆಯ ಬೇರು ಇಲ್ಲೇ ಇತ್ತು. ಮೆಸೇಜ್ ಆ್ಯಪ್‌ಗಳು ಬೇಗ ಕಳಿಸುವ ಸಲುವಾಗಿ ಫೋಟೊ ಕುಗ್ಗಿಸುತ್ತವೆ. ಫಾರ್ವರ್ಡ್ ಆಗಿ ಬಂದದ್ದು, ಸ್ಕ್ರೀನ್‌ಶಾಟ್, ಸಾಮಾಜಿಕ ಜಾಲತಾಣದಿಂದ ಇಳಿಸಿಕೊಂಡದ್ದು, ಯಾವುದನ್ನೂ ನಂಬಬೇಡಿ. ಯಾರ ಫೋನಿನಲ್ಲಿ ತೆಗೆದರೋ ಅವರನ್ನೇ ಕೇಳಿ. 'ಫೋಟೊ' ಅಂತಲ್ಲ, 'ಡಾಕ್ಯುಮೆಂಟ್' ಅಂತ ಕಳಿಸಲು ಹೇಳಿ, ಅಥವಾ ಇಮೇಲ್ ಮಾಡಿಸಿ. ನಾನು ತಮ್ಮನ ಹತ್ತಿರ ಕೇಳಿದೆ. ಬಂದ ಫೈಲ್ 3024×4032 ಇತ್ತು. ಅದೇ ಫೋಟೊ, ಆರು ಪಟ್ಟಿಗಿಂತ ಜಾಸ್ತಿ ಪಿಕ್ಸೆಲ್.

ಸಿಕ್ಕಿದ ಮೇಲೆ ಕಂಪ್ಯೂಟರ್‌ನಲ್ಲಿ 100% ಜೂಮ್ ಮಾಡಿ ಕಣ್ಣು ನೋಡಿ. ಕೈ ಅಲುಗಿದ್ದರೆ, ಫೋಕಸ್ ಕಿವಿಯ ಮೇಲೆ ಕೂತಿದ್ದರೆ, ಪಿಕ್ಸೆಲ್ ಎಷ್ಟಿದ್ದರೂ ವ್ಯರ್ಥ. ಆರ್ಡರ್ ಮಾಡುವಾಗ ಬರುವ 'ಲೋ ರೆಸಲ್ಯೂಷನ್' ಎಚ್ಚರಿಕೆ ಸಾಮಾನ್ಯವಾಗಿ ಪಿಕ್ಸೆಲ್ ಮಾತ್ರ ಎಣಿಸುತ್ತದೆ, ಫೋಟೊ ಮಸುಕೋ ಅಲ್ಲವೋ ಅಂತ ನೋಡುವುದಿಲ್ಲ.

ಕಾಗದದ ಆಕಾರ

ಹೆಚ್ಚಿನ ಫೋನುಗಳ ಫೋಟೊ 4:3 ಆಕಾರದ್ದು. ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಹೆಚ್ಚಿನವು 3:2. ಕಾಗದದಲ್ಲಿ 4×6, 8×12, 12×18 ಇವೆಲ್ಲ 3:2. 8×10 ಆದರೆ 5:4. ಆಕಾರ ಹೊಂದದಿದ್ದರೆ ಎರಡೇ ದಾರಿ: ಅಂಚು ಕತ್ತರಿಸುವುದು, ಇಲ್ಲವೇ ಬಿಳಿ ಪಟ್ಟಿ ಬಿಡುವುದು. ಆರ್ಡರ್ ಮಾಡುವಾಗ 'ಫಿಲ್' ಅಂದರೆ ಮೊದಲನೆಯದು, 'ಫಿಟ್' ಅಂದರೆ ಎರಡನೆಯದು.

ಅಜ್ಜಿಯ ಫೋಟೊವನ್ನು 12×18ಕ್ಕೆ ಕೂರಿಸಿದಾಗ ಎಡಬಲ ಸೇರಿ 336 ಪಿಕ್ಸೆಲ್ ಹೋಗುತ್ತಿತ್ತು. ಆ ಅಂಚಿನಲ್ಲೇ ಊರುಗೋಲು ಹಿಡಿದ ಅವಳ ಕೈ ಇತ್ತು. 12×16 ತೆಗೆದುಕೊಂಡೆ. ಅದೂ 4:3. ಏನೂ ಕತ್ತರಿಸದೆ ಇಂಚಿಗೆ 252 ಪಿಕ್ಸೆಲ್ ಸಿಕ್ಕಿತು. ಅಂಚಿಲ್ಲದ ಪ್ರಿಂಟ್‌ನಲ್ಲಿ ಸುತ್ತಲೂ ಒಂದೆರಡು ಮಿಲಿಮೀಟರ್ ಹೇಗೂ ಹೋಗುತ್ತದೆ, ಮುಖ್ಯವಾದದ್ದನ್ನು ತುದಿಗೆ ತಳ್ಳಬೇಡಿ.

ಬಣ್ಣ, ಕಾಗದ

ಸ್ಕ್ರೀನ್ ತಾನೇ ಬೆಳಗುತ್ತದೆ, ಕಾಗದ ಬೆಳಕನ್ನು ಮರಳಿಸುತ್ತದೆ. ಅದಕ್ಕೇ ಪ್ರಿಂಟ್ ಯಾವಾಗಲೂ ಒಂಚೂರು ಕಪ್ಪಾಗಿ ಬಂದ ಹಾಗೆ ಅನಿಸುವುದು. ಸ್ಕ್ರೀನ್ ಬೆಳಕನ್ನು ಅರ್ಧಕ್ಕೆ ಇಳಿಸಿ ಫೋಟೊ ನೋಡಿ. ನೆರಳಿನ ಭಾಗ ಮುಳುಗಿದರೆ ಸ್ವಲ್ಪ ಎತ್ತಿಕೊಡಿ. ಲ್ಯಾಬ್ ಬೇರೆ ಏನೂ ಹೇಳದಿದ್ದರೆ ಫೈಲ್ ಎಸ್‌ಆರ್‌ಜಿಬಿ ಅನ್ನುವ ಬಣ್ಣದ ಪದ್ಧತಿಯಲ್ಲಿರಲಿ. ಅಡೋಬ್ ಆರ್‌ಜಿಬಿ ಅನ್ನುವ ಇನ್ನೊಂದು ಪದ್ಧತಿಯ ಫೈಲ್ ಅನ್ನು ಯಂತ್ರ ತಪ್ಪಾಗಿ ಓದಿಕೊಂಡರೆ ಬಣ್ಣ ಪೇಲವವಾಗುತ್ತದೆ. ನೀವೇ ತಿದ್ದಿದ ಫೋಟೊ ಆದರೆ, ಆರ್ಡರ್ ಮಾಡುವಾಗ ಲ್ಯಾಬ್ ತಾನೇ ಬಣ್ಣ ತಿದ್ದುವ 'ಆಟೊ ಕರೆಕ್ಷನ್' ಗುರುತು ತೆಗೆದುಬಿಡಿ.

ಗ್ಲಾಸಿ ಕಾಗದದಲ್ಲಿ ಬಣ್ಣ ಹೊಳೆಯುತ್ತದೆ, ಬೆರಳಿನ ಗುರುತೂ ಕಾಣುತ್ತದೆ. ಮ್ಯಾಟ್‌ನಲ್ಲಿ ಹೊಳಪಿಲ್ಲ, ಕಪ್ಪು ಅಷ್ಟು ಗಾಢವಲ್ಲ. ಎರಡರ ಮಧ್ಯದ್ದು ಲಸ್ಟರ್. ಕಿಟಕಿ ಎದುರಿನ ಗೋಡೆಗೆ ಗ್ಲಾಸಿ ಬೇಡ.

ದೊಡ್ಡದಕ್ಕೆ ಮುಂಚೆ ಒಂದು ತುಂಡು

ಇಷ್ಟೆಲ್ಲ ಲೆಕ್ಕಕ್ಕಿಂತ ನಾನು ಜಾಸ್ತಿ ನಂಬುವುದು ಇದನ್ನು. ದೊಡ್ಡ ಪ್ರಿಂಟ್‌ನ ಒಂದು ತುಂಡನ್ನು ಅದೇ ಅಳತೆಯಲ್ಲಿ 4×6 ಕಾಗದಕ್ಕೆ ಹಾಕಿಸಿ. ನನ್ನದು ಇಂಚಿಗೆ 252 ತಾನೇ? ಹಾಗಾದರೆ 4 ಇಂಚಿಗೆ 1008, 6 ಇಂಚಿಗೆ 1512 ಪಿಕ್ಸೆಲ್. ಅಜ್ಜಿಯ ಕಣ್ಣು, ಮೂಗು, ಶಾಲಿನ ಒಂದು ಮೂಲೆ ಬರುವಂತೆ ಅಷ್ಟನ್ನೇ ಕ್ರಾಪ್ ಮಾಡಿ, ಹಿಗ್ಗಿಸದೆ ಕುಗ್ಗಿಸದೆ ಕೊಟ್ಟೆ. ಆ ತುಂಡನ್ನು ಗೋಡೆಗೆ ಅಂಟಿಸಿ ಹಗಲೂ ನೋಡಿದೆ, ರಾತ್ರಿ ದೀಪದಲ್ಲೂ ನೋಡಿದೆ. ಸುಕ್ಕು ಇದ್ದವು. ನೇಯ್ಗೆ ಇತ್ತು. ಬಲಗೆನ್ನೆ ಮಾತ್ರ ಸ್ವಲ್ಪ ಕಪ್ಪಾಗಿತ್ತು, ಅಲ್ಲಿ ಬೆಳಕು ಏರಿಸಿ ದೊಡ್ಡದಕ್ಕೆ ಆರ್ಡರ್ ಕೊಟ್ಟೆ.

ಪ್ರಿಂಟ್ ಬಂದ ಮೇಲೆ ಅಂಚು ಹಿಡಿದು ಎತ್ತಿ. ಇಂಕ್‌ಜೆಟ್ (ಇಂಕಿನ ಹನಿ ಸಿಂಪಡಿಸುವ ಪ್ರಿಂಟರ್) ಆದರೆ ಒಂದು ದಿನ ಆರಲು ಬಿಟ್ಟು ಆಮೇಲೆ ಫ್ರೇಮ್ ಹಾಕಿಸಿ. ಗಾಜು ನೇರವಾಗಿ ಫೋಟೊಗೆ ತಾಗದಂತೆ ನಡುವೆ ರಟ್ಟಿನ ಅಂಚು ಇಡಿಸಿ. ತಾಗಿಕೊಂಡರೆ ತೇವಕ್ಕೆ ಅಂಟಿಹೋಗುತ್ತದೆ, ಬಿಡಿಸಲು ಹೋದರೆ ಮೇಲಿನ ಪದರವೇ ಕಿತ್ತು ಬರುತ್ತದೆ. ನೇರ ಬಿಸಿಲು ಬೀಳುವ ಜಾಗದಲ್ಲಿ ಮೊಳೆ ಹೊಡೆಯಬೇಡಿ.