ಬರ ಬರುವ ಮೊದಲೇ ಮಾತಾಡಿ: ಗಾಲ್ಫ್ ಮೈದಾನದ ಮೇಲ್ವಿಚಾರಕರಿಗೆ ಜನಸಂಪರ್ಕದ ಕೈಪಿಡಿ

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೂ ಕೈತೋಟಕ್ಕೆ ಹಾಯಿಸುವುದನ್ನೂ ಕಾರಂಜಿಗೆ ಬಳಸುವುದನ್ನೂ ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಹಾಕುವುದಾಗಿ ಆದೇಶ ಹೊರಡಿಸಿತು. ಅಂಥ ದಿನಗಳಲ್ಲಿ ಟ್ಯಾಂಕರಿಗಾಗಿ ರಾತ್ರಿಯೆಲ್ಲ ಕಾದವರೊಬ್ಬರು ಬೇಲಿಯಾಚೆ ಹಸಿರಾಗಿ ಹರಡಿಕೊಂಡ ಗಾಲ್ಫ್ ಮೈದಾನವನ್ನು ಕಂಡು, "ಇವರಿಗೆ ನೀರು ಎಲ್ಲಿಂದ ಬರುತ್ತದೆ?" ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಸರಿಯಾದ ಉತ್ತರ ಕೊಡಬಲ್ಲವರು ಪಂಪ್‌ಹೌಸಿನ ಬೀಗದ ಕೈ ಇಟ್ಟುಕೊಂಡವರು, ಯಾವ ಸ್ಪ್ರಿಂಕ್ಲರ್ ಎಷ್ಟು ನಿಮಿಷ ತಿರುಗಿತೆಂದು ಬಲ್ಲವರು, ಅಂದರೆ ಮೈದಾನದ ಮೇಲ್ವಿಚಾರಕರು. ಆದರೂ ಪತ್ರಿಕೆಯವರು ಬಂದಾಗ, ಅಧಿಕಾರಿಗಳು ಸಭೆ ಕರೆದಾಗ ಮಾತನಾಡುವವರು ಸಾಮಾನ್ಯವಾಗಿ ಬೇರೆಯವರಾಗಿರುತ್ತಾರೆ. ಹುಲ್ಲು ಬೆಳೆಸುವವರು ನೆರೆಹೊರೆಯವರೊಂದಿಗೆ, ಶಾಲೆಗಳೊಂದಿಗೆ, ಸರ್ಕಾರದೊಂದಿಗೆ ಹೇಗೆ ಮಾತು ಬೆಳೆಸಬೇಕು ಎಂಬುದನ್ನು ಹೇಳುವುದಕ್ಕಾಗಿ ಈ ಬರಹ.

ಈ ಕೆಲಸವನ್ನು ವೃತ್ತಿಯ ಭಾಗವೆಂದೇ ಒಪ್ಪಿಕೊಂಡವರು ಅಮೆರಿಕದ ಮೇಲ್ವಿಚಾರಕರು. 1926ರಲ್ಲಿ ಒಹಾಯೊ ರಾಜ್ಯದ ಟೊಲೆಡೊದಲ್ಲಿ 60 ಮಂದಿ ಗ್ರೀನ್‌ಕೀಪರುಗಳು ಸೇರಿ ಕಟ್ಟಿದ ಸಂಘವೇ ಇಂದು ಕ್ಯಾನ್ಸಸ್‌ನ ಲಾರೆನ್ಸ್ ಪಟ್ಟಣದಲ್ಲಿ ಮುಖ್ಯ ಕಚೇರಿ ಹೊಂದಿರುವ ಜಿಸಿಎಸ್‌ಎಎ, ಅಂದರೆ ಅಮೆರಿಕದ ಗಾಲ್ಫ್ ಕೋರ್ಸ್ ಸೂಪರಿಂಟೆಂಡೆಂಟರ ಸಂಘ. ಅವರ ಅನುಭವದಲ್ಲಿ ನಮಗೆ ಅತ್ಯಂತ ಹತ್ತಿರವಾದದ್ದು ಜಾರ್ಜಿಯಾ ರಾಜ್ಯದ್ದು. 2007ರಲ್ಲಿ ಅಲ್ಲಿ ಭೀಕರ ಬರ ಬಂತು. ಅದಕ್ಕೂ ಮೊದಲೇ ಅಲ್ಲಿನ ಮೇಲ್ವಿಚಾರಕರ ಸಂಘವು ರಾಜ್ಯದ ಪರಿಸರ ಸಂರಕ್ಷಣಾ ವಿಭಾಗದೊಂದಿಗೆ ಕುಳಿತು ಮಾತಾಡಿ, ಪ್ರತಿ ಮೈದಾನವೂ ನೀರು ಉಳಿಸುವ ತನ್ನ ಯೋಜನೆಯನ್ನು ಬರೆದಿಡುವ ಏರ್ಪಾಡು ಮಾಡಿಕೊಂಡಿತ್ತು. ಹಾಗಾಗಿ ನಿರ್ಬಂಧಗಳ ಚರ್ಚೆ ಬಂದಾಗ ಮೇಜಿನ ಎರಡು ಬದಿಯಲ್ಲಿ ಕುಳಿತವರು ಒಬ್ಬರಿಗೊಬ್ಬರು ಪರಿಚಿತರಾಗಿದ್ದರು, ಮೇಜಿನ ಮೇಲೆ ಕಾಗದವೂ ಇತ್ತು. ಮುಂದೆ ಇದೇ ಮಾದರಿಯ ಉತ್ತಮ ಪದ್ಧತಿಗಳ ಕೈಪಿಡಿಗಳು 2020ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಸಿದ್ಧವಾದವು.

ಆದ್ದರಿಂದ ಮೊದಲ ಕೆಲಸ ಮನೆಯೊಳಗಿನದು: ಲೆಕ್ಕ. ಕೊಳವೆಬಾವಿ, ಟ್ಯಾಂಕರ್, ಸಂಸ್ಕರಿಸಿದ ನೀರು, ಮಳೆನೀರಿನ ಹೊಂಡ, ಹೀಗೆ ಪ್ರತಿ ಮೂಲಕ್ಕೂ ಒಂದೊಂದು ಮೀಟರ್ ಕೂರಿಸಿ, ದಿನವೂ ಒಂದೇ ಹೊತ್ತಿಗೆ ಓದಿ, ಒಂದೇ ಪುಸ್ತಕದಲ್ಲಿ ಬರೆಯಿರಿ. ಒಂದು ಎಕರೆಗೆ ಒಂದು ಮಿಲಿಮೀಟರ್ ನೀರು ಎಂದರೆ ಸುಮಾರು 4,047 ಲೀಟರ್. 60 ಎಕರೆ ಹುಲ್ಲಿಗೆ ಬೇಸಿಗೆಯ ಒಂದು ದಿನ ನಾಲ್ಕು ಮಿಲಿಮೀಟರ್ ಕೊಟ್ಟರೆ 9.7 ಲಕ್ಷ ಲೀಟರ್ ಆಯಿತು. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡದಿಂದ ಭಾಗಿಸಿದರೆ ಅದು ಏಳು ಸಾವಿರಕ್ಕೂ ಹೆಚ್ಚು ಜನರ ಪಾಲು. ಈ ಭಾಗಾಕಾರವನ್ನು ನೆರೆಯವರು ಒಂದಲ್ಲ ಒಂದು ದಿನ ಮಾಡಿಯೇ ಮಾಡುತ್ತಾರೆ. ಅವರಿಗಿಂತ ಮೊದಲು ನೀವು ಮಾಡಿ, ನಿಮ್ಮ ಬಾಯಿಂದಲೇ ಅವರಿಗೆ ಹೇಳಿ. ದೊಡ್ಡ ಸಂಖ್ಯೆಯನ್ನು ಮುಚ್ಚಿಟ್ಟವರು ಆಮೇಲೆ ಹೇಳುವ ಸಣ್ಣ ಸಂಖ್ಯೆಯನ್ನೂ ಯಾರೂ ನಂಬುವುದಿಲ್ಲ.

ಲೆಕ್ಕ ಇಡುವುದರ ಇನ್ನೊಂದು ಪ್ರಯೋಜನವೆಂದರೆ, ಹೇಳಲು ನಾಚಿಕೆಯಾಗುವ ಅಂಕಿಯನ್ನು ತಗ್ಗಿಸಬೇಕೆಂಬ ಮನಸ್ಸು ನಿಮಗೇ ಬರುತ್ತದೆ. ಗ್ರೀನ್‌ಗಳಿಗೆ (ಚೆಂಡು ಬೀಳಬೇಕಾದ ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ) ಮತ್ತು ಟೀಗಳಿಗೆ (ಮೊದಲ ಹೊಡೆತ ಹೊಡೆಯುವ ಜಾಗಗಳಿಗೆ) ನೀರು ಬೇಕೇ ಬೇಕು, ಆದರೆ ಅವು ಇಡೀ ಮೈದಾನದ ಸಣ್ಣ ಭಾಗ. ರಫ್‌ನ, ಅಂದರೆ ಆಟದ ದಾರಿಯ ಅಂಚಿನಲ್ಲಿ ಎತ್ತರವಾಗಿ ಬಿಟ್ಟ ಹುಲ್ಲಿನ ಭಾಗದ, ಗರಿಕೆಯನ್ನು ಮಾರ್ಚ್‌ನಿಂದ ಮೇವರೆಗೆ ಒಣಗಲು ಬಿಟ್ಟರೆ ಅದು ಕಂದು ಬಣ್ಣಕ್ಕೆ ತಿರುಗಿ ಮಲಗುತ್ತದೆ, ಮುಂಗಾರಿನ ಮಳೆಗೆ ಮತ್ತೆ ಏಳುತ್ತದೆ. ಸದಸ್ಯರಿಗೆ ಆ ಕಂದು ಬಣ್ಣ ಹಿಡಿಸದಿರಬಹುದು. ಆದರೆ ರಸ್ತೆಯ ಬದಿಯಿಂದ ಕಾಣುವ ರಫ್ ಕಂದಾಗಿರುವುದು, ನೀವು ಊರಿನ ಕಷ್ಟದಲ್ಲಿ ಪಾಲುದಾರರು ಎನ್ನುವುದನ್ನು ಯಾವ ಫಲಕಕ್ಕಿಂತಲೂ ಚೆನ್ನಾಗಿ ಹೇಳುತ್ತದೆ. ಈ ಮಾತನ್ನು ಆಡಳಿತ ಸಮಿತಿಯ ಮುಂದೆ ಡಿಸೆಂಬರ್‌ನಲ್ಲಿಯೇ ಇಟ್ಟು ಒಪ್ಪಿಗೆ ಪಡೆಯಿರಿ. ಹುಲ್ಲು ಬಣ್ಣ ಬದಲಿಸಿದ ಮೇಲೆ ಕೇಳಲು ಹೋದರೆ ಅದು ನೆಪದಂತೆ ಕೇಳಿಸುತ್ತದೆ.

ಸಂಸ್ಕರಿಸಿದ ನೀರನ್ನು ಬಳಸುತ್ತಿದ್ದರೆ ಅದನ್ನು ಹೇಳಿಕೊಳ್ಳಬೇಕು, ಆದರೆ ಅಷ್ಟನ್ನೇ ಹೇಳಿ ಮುಗಿಸಬಾರದು. ಆ ನೀರಿನಲ್ಲಿ ಲವಣ ಹೆಚ್ಚು. ಸೋಡಿಯಂ ಪ್ರಮಾಣವನ್ನು ನಿಗದಿತವಾಗಿ ಪರೀಕ್ಷೆ ಮಾಡಿಸಬೇಕು, ಮಣ್ಣಿನಲ್ಲಿ ಅದು ಕೂಡಿಕೊಳ್ಳದಂತೆ ನೋಡಿಕೊಳ್ಳಬೇಕು, ಉಪ್ಪು ತಾಳುವ ಪಾಸ್ಪಲಮ್ ಜಾತಿಯ ಹುಲ್ಲನ್ನು ಯೋಚಿಸಬೇಕು, ಕುಡಿಯಲು ಯೋಗ್ಯವಲ್ಲ ಎಂಬ ಫಲಕವನ್ನು ಕನ್ನಡದಲ್ಲಿ ದೊಡ್ಡದಾಗಿ ಹಾಕಬೇಕು. ಇನ್ನೊಂದು ಮಾತೂ ಇದೆ. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಹಾಗಾಗಿ "ನಾವು ಬಳಸುವುದು ಯಾರಿಗೂ ಬೇಡದ ನೀರು" ಎಂದು ಹೇಳುವ ಕಾಲ ಮುಗಿದಿದೆ; ಆ ನೀರಿಗೂ ಬಾಯಾರಿದ ಊರುಗಳಿವೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾತಾಡಿ. ಔಷಧಿ ಸಿಂಪಡಣೆಗೂ ಇದೇ ಶಿಸ್ತು ಬೇಕು: ಯಾವ ದಿನ, ಯಾವ ಗ್ರೀನ್‌ಗೆ, ಯಾವ ಔಷಧಿ, ಎಷ್ಟು, ಗಾಳಿ ಯಾವ ಕಡೆಗಿತ್ತು, ಸಿಂಪಡಿಸಿದವರು ಯಾರು ಎಂಬುದನ್ನೆಲ್ಲ ಆ ದಿನವೇ ಬರೆದಿಡಿ.

ಲೆಕ್ಕ ಕೈಯಲ್ಲಿದ್ದ ಮೇಲೆ ಬೇಲಿಯ ಪಕ್ಕದವರ ಬಳಿಗೆ ಹೋಗಿ. ಬೆಳಗಿನ ಐದೂವರೆಗೆ ಹುಲ್ಲು ಕತ್ತರಿಸುವ ಯಂತ್ರದ ಸದ್ದು ಕೇಳುವವರು, ಕಿಟಕಿಯ ಗಾಜಿಗೆ ಚೆಂಡು ಬಿದ್ದವರು, ಔಷಧಿಯ ವಾಸನೆ ಮೂಗಿಗೆ ಬಡಿದವರು, ಪಕ್ಕದಲ್ಲೇ ಕೊಳವೆಬಾವಿ ಇರುವ ರೈತರು, ಇವರೇ ಮೊದಲು. ಆಟಕ್ಕೆ ರಜೆಯಿರುವ ದಿನ ಹತ್ತು ಹನ್ನೆರಡು ಮಂದಿಯನ್ನು ಕರೆಯಿರಿ. ಕ್ಲಬ್‌ಹೌಸಿನ ಊಟದ ಕೋಣೆಗೆ ಮೊದಲು ಕರೆದೊಯ್ಯಬೇಡಿ. ಪಂಪ್‌ಹೌಸಿಗೆ, ನೀರು ಸಂಸ್ಕರಿಸುವ ಘಟಕಕ್ಕೆ, ಔಷಧಿಯ ಗೋದಾಮಿಗೆ ಕರೆದೊಯ್ಯಿರಿ. ಟಿಟ್ಟಿಭ ಬಯಲಿನಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿಯಾದ್ದರಿಂದ, ಗೂಡು ಕಂಡಲ್ಲಿ ನಿಮ್ಮ ಹುಡುಗರು ಹಗ್ಗ ಕಟ್ಟಿ ಯಂತ್ರವನ್ನು ಅದರ ಸುತ್ತ ತಿರುಗಿಸಿ ಒಯ್ಯುತ್ತಿದ್ದರೆ ಅದನ್ನೂ ತೋರಿಸಿ.

ಎಲ್ಲಕ್ಕಿಂತ ಕಷ್ಟದ ಮಾತು ಕೊಳವೆಬಾವಿಯದು. "ನೀವು ಮೋಟಾರ್ ಹಾಕಿದಾಗಿನಿಂದ ನಮ್ಮ ಬೋರು ಬತ್ತಿತಪ್ಪ" ಎಂದು ಹಿರಿಯರೊಬ್ಬರು ಹೇಳಿದರೆ, ಭೂಗರ್ಭಶಾಸ್ತ್ರದ ಪಾಠ ಶುರು ಮಾಡುವುದು ತಪ್ಪು, ತಕ್ಷಣ ಅಲ್ಲಗಳೆಯುವುದು ಇನ್ನೂ ದೊಡ್ಡ ತಪ್ಪು. "ಇರಬಹುದು ಅಜ್ಜ, ನನಗೂ ಖಚಿತವಿಲ್ಲ. ನಿಮ್ಮ ಬೋರಿನ ನೀರಿನ ಮಟ್ಟವನ್ನೂ ನಮ್ಮದನ್ನೂ ತಿಂಗಳಿಗೊಮ್ಮೆ ಇಬ್ಬರೂ ಕೂಡಿ ಅಳೆಯೋಣ, ನಿಮ್ಮ ಮೊಮ್ಮಗನೇ ಬರೆದುಕೊಳ್ಳಲಿ" ಎನ್ನಿ. ಆಮೇಲೆ ನಿಜವಾಗಿಯೂ ಪ್ರತಿ ತಿಂಗಳು ಹೋಗಿ ಅಳೆಯಿರಿ. ಅಳತೆ ನಿಮ್ಮ ವಿರುದ್ಧವೇ ಬಂದರೆ ಪಂಪಿನ ಹೊತ್ತನ್ನು ಕಡಿಮೆ ಮಾಡಲು ಸಿದ್ಧರಿರಬೇಕು. ಆ ಸಿದ್ಧತೆ ಇಲ್ಲದಿದ್ದರೆ ಈ ಮಾತನ್ನು ಎತ್ತಲೇಬೇಡಿ.

ಶಾಲೆಯ ಕೆಲಸ ನನಗೆ ಬಹಳ ಪ್ರಿಯವಾದದ್ದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. 1997ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಫಸ್ಟ್ ಗ್ರೀನ್ ಎಂಬ ಕಾರ್ಯಕ್ರಮ ಶುರುವಾಯಿತು. 2018ರಲ್ಲಿ ಜಿಸಿಎಸ್‌ಎಎ ಅದನ್ನು ತನ್ನದಾಗಿಸಿಕೊಂಡಿತು. ಅಲ್ಲಿ ಮಕ್ಕಳು ಮೈದಾನಕ್ಕೆ ಬರುವುದು ಮುಖ್ಯವಾಗಿ ವಿಜ್ಞಾನ ಮತ್ತು ಗಣಿತವನ್ನು ಕೈಯಾರೆ ಮಾಡಿ ಕಲಿಯಲು. ನಮ್ಮಲ್ಲಿ ಇದನ್ನು ಮಾಡಬೇಕೆಂದರೆ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು, ಇಲಾಖೆಯ ಅನುಮತಿಯನ್ನು ಅವರ ಮೂಲಕವೇ ಪಡೆದು, ಏಳು ಅಥವಾ ಎಂಟನೆಯ ತರಗತಿಯ 40 ಮಕ್ಕಳನ್ನು ಕರೆಸಿ, ಹತ್ತು ಹತ್ತು ಮಂದಿಯ ನಾಲ್ಕು ತಂಡ ಮಾಡಿ. ಒಂದು ತಂಡ ಸ್ಪ್ರಿಂಕ್ಲರಿನ ಸುತ್ತ ಒಂದೇ ಅಳತೆಯ ಇಪ್ಪತ್ತು ಲೋಟಗಳನ್ನಿಟ್ಟು, ಹದಿನೈದು ನಿಮಿಷ ನೀರು ಬಿಟ್ಟು, ಎಲ್ಲಿ ಎಷ್ಟು ಬಿತ್ತೆಂದು ಸ್ಕೇಲಿನಿಂದ ಅಳೆಯಲಿ. ಇನ್ನೊಂದು ತಂಡ ಸೊಟ್ಟ ಅಂಚಿನ ಗ್ರೀನ್‌ನ ಮಧ್ಯದಿಂದ ಹತ್ತಾರು ದಿಕ್ಕಿಗೆ ಟೇಪು ಹಿಡಿದು, ಸರಾಸರಿ ತ್ರಿಜ್ಯ ಕಂಡುಹಿಡಿದು, ವಿಸ್ತೀರ್ಣದ ಲೆಕ್ಕ ಹಾಕಲಿ. ಪಾಠದಲ್ಲಿ ಬರುವ ವೃತ್ತಗಳೆಲ್ಲ ದುಂಡಗಿರುತ್ತವೆ. ದುಂಡಗಿಲ್ಲದ್ದನ್ನು ಅಳೆಯುವಾಗ ಸರಾಸರಿ ಎಂದರೇನೆಂದು ಮಕ್ಕಳಿಗೆ ಮೊದಲ ಸಲ ಅರ್ಥವಾಗುತ್ತದೆ. ಮೂರನೆಯ ತಂಡ ನೆಲವನ್ನು ಕೊರೆದು ಮಣ್ಣಿನ ಉದ್ದನೆಯ ತುಂಡೊಂದನ್ನು ಹೊರತೆಗೆದು, ಮರಳು ಎಲ್ಲಿಗೆ ಮುಗಿದು ಕೆಂಪು ಮಣ್ಣು ಎಲ್ಲಿಂದ ಶುರುವಾಯಿತು, ಬೇರು ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಲಿ.

ನಾಲ್ಕನೆಯದು ಹುಲ್ಲಿನ ಕಥೆ. ಬರ್ಮುಡಾ ಹುಲ್ಲು ಎಂದು ನಾವು ಕರೆಯುವುದು ಬೇರೇನೂ ಅಲ್ಲ, ಮಕ್ಕಳು ಗಣೇಶನಿಗೆ ಏರಿಸುವ ಗರಿಕೆಯೇ. ಆ ಗರಿಕೆಯನ್ನು ಆಫ್ರಿಕಾದ ಅದರ ನಂಟಿನ ಇನ್ನೊಂದು ಹುಲ್ಲಿನೊಡನೆ ಸಂಕರ ಮಾಡಿ, ಜಾರ್ಜಿಯಾದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿದ ತಳಿಗಳಿಗೆ ಟಿಫ್‌ವೇ, ಟಿಫ್‌ಡ್ವಾರ್ಫ್ ಎಂದೆಲ್ಲ ಹೆಸರಿದೆ. ಊರಿನ ಹೆಸರೇ ಹುಲ್ಲಿಗೆ ಅಂಟಿಕೊಂಡಿದೆ. ಒಂದು ಹಿಡಿ ಊರ ಗರಿಕೆಯನ್ನೂ ಒಂದು ಹಿಡಿ ಗ್ರೀನ್‌ನ ಹುಲ್ಲನ್ನೂ ಅಕ್ಕಪಕ್ಕ ಕೊಟ್ಟು ಗೆಣ್ಣುಗಳ ನಡುವಿನ ಅಂತರವನ್ನು ಅಳೆಯಲು ಹೇಳಿ.

ಈ ತಂಡಗಳಿಗೆ ಪಾಠ ಹೇಳುವ ಕೆಲಸವನ್ನು ಮಾಲಿಗಳಿಗೆ, ಪಂಪ್ ಆಪರೇಟರಿಗೆ ಬಿಡಿ. ಹತ್ತಿಪ್ಪತ್ತು ವರ್ಷ ಅದೇ ನೆಲದಲ್ಲಿ ದುಡಿದವರಿಗೆ ಹೇಳಲು ಬಹಳವಿರುತ್ತದೆ, ಅವರ ಕನ್ನಡ ಮಕ್ಕಳಿಗೆ ನೇರವಾಗಿ ತಲುಪುತ್ತದೆ. ಅವರ ಮಕ್ಕಳೂ ಆಟಗಾರರ ಚೀಲ ಹೊರುವ ಕ್ಯಾಡಿಗಳ ಮಕ್ಕಳೂ ಅದೇ ಶಾಲೆಯಲ್ಲಿ ಓದುತ್ತಿರುವುದುಂಟು. ಅಪ್ಪನೋ ಅಮ್ಮನೋ ತರಗತಿಗೆ ಪಾಠ ಮಾಡುವುದನ್ನು ಆ ಮಗು ನೋಡಲೆಂಬುದು ನನ್ನ ಆಸೆ. ಮಕ್ಕಳು ಬರುವ ದಿನವೂ ಅದರ ಹಿಂದಿನ ಕೆಲವು ದಿನಗಳೂ ಯಾವ ಸಿಂಪಡಣೆಯೂ ಇರಬಾರದು. ಆಟ ನಿಂತಿರಬೇಕು, ಟೋಪಿ, ನೀರು, ಶೌಚಾಲಯಗಳ ವ್ಯವಸ್ಥೆ ಆಗಿರಬೇಕು, ಬಿಸಿಯೂಟದ ಹೊತ್ತಿಗೆ ಮಕ್ಕಳು ಶಾಲೆಯಲ್ಲಿರಬೇಕು.

ಇನ್ನು ಸರ್ಕಾರದ ಮಾತು. ಅಮೆರಿಕದಲ್ಲಿ 2008ರಿಂದ ರಾಷ್ಟ್ರೀಯ ಗಾಲ್ಫ್ ದಿನ ಎಂಬ ಹೆಸರಿನಲ್ಲಿ ಈ ಉದ್ಯಮದವರು ವಾಷಿಂಗ್ಟನ್ನಿಗೆ ಹೋಗಿ ಸಂಸತ್ ಸದಸ್ಯರನ್ನು ಕಾಣುತ್ತಾರೆ. 2017ರಿಂದ ಅದೇ ಸಂದರ್ಭದಲ್ಲಿ ರಾಜಧಾನಿಯ ನ್ಯಾಷನಲ್ ಮಾಲ್ ಎಂಬ ಸಾರ್ವಜನಿಕ ಬಯಲಿನ ಹುಲ್ಲನ್ನು ತಾವೇ ದುರಸ್ತಿ ಮಾಡಿಕೊಡುವ ರೂಢಿಯನ್ನೂ ಬೆಳೆಸಿದ್ದಾರೆ. ನಮ್ಮಲ್ಲಿಯೂ ಬಡಾವಣೆಯ ಉದ್ಯಾನಕ್ಕೋ ಶಾಲೆಯ ಆಟದ ಬಯಲಿಗೋ ವರ್ಷಕ್ಕೆರಡು ಬಾರಿ ನಿಮ್ಮ ಯಂತ್ರ ಮತ್ತು ಕೈಗಳನ್ನು ಕೊಡಬಹುದು. ಅಧಿಕಾರಿಗಳನ್ನು ಕಾಣುವುದಕ್ಕೆ ಮೊದಲು ಆಡಳಿತ ಸಮಿತಿಯ ಲಿಖಿತ ಒಪ್ಪಿಗೆ ಪಡೆಯಿರಿ. ಜಲಮಂಡಳಿಯ ಸ್ಥಳೀಯ ಎಂಜಿನಿಯರ್, ಅಂತರ್ಜಲ ಇಲಾಖೆಯವರು, ಮಾಲಿನ್ಯ ನಿಯಂತ್ರಣ ಮಂಡಳಿಯವರು, ಶಾಸಕರು, ಇವರಲ್ಲಿ ಯಾರಿಗೆ ಯಾವ ಅಧಿಕಾರವಿದೆ ಎಂದು ತಿಳಿದುಕೊಂಡು ಹೋಗಿ. ಬೆಂಗಳೂರಿನಲ್ಲಂತೂ 2025ರಲ್ಲಿ ಒಂದು ಪಾಲಿಕೆಯ ಜಾಗದಲ್ಲಿ ಐದು ಬಂದಿರುವುದರಿಂದ ಹಳೆಯ ವಿಳಾಸಗಳು ಸಾಲವು. ಕನ್ನಡದಲ್ಲಿ ಒಂದು ಪುಟದ ಪತ್ರ, ಅದರಲ್ಲಿ ಒಂದೇ ಕೋರಿಕೆ, ಅದಕ್ಕೆ ಜೊತೆಯಾಗಿ ನೀರಿನ ಲೆಕ್ಕದ ಒಂದು ಹಾಳೆ ಇದ್ದರೆ ಸಾಕು. ಸಾಧ್ಯವಾದರೆ ನೆರೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಉಚಿತ ಆಟ, ಊಟ, ಉಡುಗೊರೆಗಳ ಪ್ರಸ್ತಾಪವನ್ನು ಎಂದಿಗೂ ಮಾಡಬೇಡಿ. ಅಂಥ ಒಂದು ಪ್ರಸ್ತಾಪದಿಂದ ವರ್ಷಗಳ ಲೆಕ್ಕದ ಪುಸ್ತಕ ಬೆಲೆ ಕಳೆದುಕೊಳ್ಳುತ್ತದೆ.

ನೆಲದ ಪ್ರಶ್ನೆ ಬಂದಾಗ ಇನ್ನೂ ಎಚ್ಚರ ಬೇಕು. ಕ್ಯಾಲಿಫೋರ್ನಿಯಾದ ಶಾಸನಸಭೆಯಲ್ಲಿ, ಸರ್ಕಾರಿ ಒಡೆತನದ ಗಾಲ್ಫ್ ಮೈದಾನಗಳನ್ನು ವಸತಿ ಮತ್ತು ಬಯಲು ಜಾಗವಾಗಿ ಮಾರ್ಪಡಿಸಲು ಸ್ಥಳೀಯ ಸಂಸ್ಥೆಗಳಿಗೆ ಧನಸಹಾಯ ನೀಡುವ ಮಸೂದೆಯೊಂದು ಬಂದು 2022ರಲ್ಲಿ ಸಮಿತಿಯ ಹಂತದಲ್ಲಿ ನಿಂತಿತು. ಅಲ್ಲಿ ಚರ್ಚೆಗೆ ಬಂದದ್ದು ಕಡಿಮೆ ಶುಲ್ಕಕ್ಕೆ ಯಾರು ಬೇಕಾದರೂ ಆಡಬಹುದಾದ ಮೈದಾನಗಳು. ನಮ್ಮಲ್ಲಿ ಬಹುಪಾಲು ಮೈದಾನಗಳು ಸದಸ್ಯರಿಗಷ್ಟೇ ಮೀಸಲು, ಹಾಗಾಗಿ "ಇದು ಎಲ್ಲರೂ ಆಡುವ ಜಾಗ, ಉಳಿಸಿ" ಎಂಬ ವಾದವನ್ನು ಅಲ್ಲಿಂದ ಎರವಲು ತರಲಾಗದು. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಸುತ್ತ ಈಗ ನಗರವೇ ಬೆಳೆದು ನಿಂತಿದೆ. ಇಂಥ ಜಾಗದಲ್ಲಿ ಪ್ರತಿ ಎಕರೆಯ ಬಗ್ಗೆ ಜನ ಕೇಳುವುದು ಸಹಜ. ಗುತ್ತಿಗೆ, ಕೆರೆಯಂಗಳ, ರಾಜಕಾಲುವೆಗಳ ಬಗ್ಗೆ ದಾಖಲೆ ನೋಡದೆ ಬಾಯಿ ಬಿಡಬೇಡಿ. ಆ ವಿಷಯವನ್ನು ಕ್ಲಬ್ಬಿನ ಹೊಣೆಗಾರರಿಗೆ ಬಿಟ್ಟು, ಮಳೆ ಬಂದಾಗ ನಿಮ್ಮ ಹೊಂಡಗಳು ಎಷ್ಟು ನೀರು ಹಿಡಿದವು, ಕಾಲುವೆಗೆ ಎಷ್ಟು ಬಿಟ್ಟವು ಎಂಬ ನಿಮಗೆ ಗೊತ್ತಿರುವ ಸಂಗತಿಯನ್ನು ಹೇಳಿ.

ಹೊಂಡದಲ್ಲಿ ಮೀನು ಸತ್ತು ತೇಲಿದರೆ ಅದೇ ದಿನ, ಯಾರೂ ಕೇಳುವ ಮೊದಲೇ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಮತ್ತು ಬೇಲಿಯ ಪಕ್ಕದವರಿಗೆ ತಿಳಿಸಿ. ಸಿಂಪಡಣೆಯ ಪುಸ್ತಕವನ್ನು ತೆರೆದು ತೋರಿಸಿ, ನೀರಿನ ಮಾದರಿಯನ್ನು ಅವರ ಎದುರಿನಲ್ಲೇ ತೆಗೆಯಿರಿ, ಕಾರಣ ಗೊತ್ತಾಗುವವರೆಗೆ ಕಾರಣ ಹೇಳಬೇಡಿ.

ಮುಂಗಾರು ಹಿಡಿದು ಸ್ಪ್ರಿಂಕ್ಲರುಗಳು ನಿಂತ ಮೇಲೆ, ಜುಲೈ ತಿಂಗಳಲ್ಲಿ, ಬೇಸಿಗೆಗೆ ಮೊದಲು ಯಾರು ಯಾರಿಗೆ ಯಾವ ಅಂಕಿ ಹೇಳಿದ್ದಿರೋ ಅವರೆಲ್ಲರಿಗೂ ಮತ್ತೊಂದು ಪತ್ರ ಬರೆಯಿರಿ. ಇಷ್ಟು ನೀರು ಬಳಸುತ್ತೇವೆಂದು ಹೇಳಿದ್ದೆವು, ಇಷ್ಟು ಬಳಸಿದೆವು, ಹೆಚ್ಚಾದದ್ದು ಈ ವಾರಗಳಲ್ಲಿ, ಈ ಕಾರಣಕ್ಕೆ ಎಂದು ಬರೆದು, ಮುಂದಿನ ಡಿಸೆಂಬರ್‌ನಲ್ಲಿ ಪಂಪ್‌ಹೌಸ್ ನೋಡಲು ಬರಬೇಕಾದ ದಿನಾಂಕವನ್ನೂ ಅದರಲ್ಲೇ ತಿಳಿಸಿ.